ಟೂರ್ ನಿಂತು ಹೋದರೆ ಅಂತ ಕೇಳಿದ್ದೀಯಲ್ಲ

ಪ್ರೀತಿಯ ಪುಟ್ಟಿ,

ನಿನ್ನ ಕಾಗದ ಬಂತು. ಕಾಲೇಜಿನ ಟೆನ್‌ಪಿನ್ ಬೌಲಿಂಗ್ ಟೀಮಿನ ವಿಷಯ, ಪಿನ್ ಬೀಳಿಸುವ ಹೊಸ ಬಾಲಿನ ವಿಷಯ ಎಲ್ಲಾ ನಿಮ್ಮಮ್ಮ ಫೋನಿನಲ್ಲಿ ಮೊದಲೇ ಹೇಳಿದ್ದಳು. ಅದಕ್ಕೆಲ್ಲ ಉತ್ತರ ಬರೆಯುವುದಿಲ್ಲ. ಆದರೆ ಕೊನೆಯಲ್ಲಿ ಒಂದು ಸಾಲು ಬರೆದಿದ್ದೀಯಲ್ಲ, "ದೊಡ್ಡಮ್ಮ, ನಾನು ಪ್ರೊ ಆದಮೇಲೆ ಟೂರೇ ನಿಂತು ಹೋದರೆ ಏನು ಮಾಡಲಿ?" ಅಂತ. ಅದನ್ನು ಓದಿದಾಗಿನಿಂದ ನನಗೆ ಸರಿಯಾಗಿ ನಿದ್ದೆ ಬರುತ್ತಿಲ್ಲ.

ಹಾಗೇನೂ ಆಗುವುದಿಲ್ಲ ಬಿಡು ಅಂತ ಬರೆಯಲು ಕೂತೆ. ಕೈ ಬರಲಿಲ್ಲ. 2003ರಲ್ಲಿ ಆಗಿಯೇ ಹೋಯಿತಲ್ಲ. ನಲವತ್ತು ವರ್ಷಕ್ಕೂ ಮೇಲ್ಪಟ್ಟು ಅಮೆರಿಕದಲ್ಲಿ ಹೆಂಗಸರಿಗೆ ಅಂತ ಇದ್ದ ಪ್ರೊ ಬೌಲಿಂಗ್ ಟೂರ್ ಅದು, ಊರೂರು ಸುತ್ತಿ ಬಹುಮಾನದ ದುಡ್ಡಿಗೆ ಆಡುವ ಪಂದ್ಯಗಳ ಸಾಲು. ದುಡ್ಡು ಸಾಲದೆ ನಿಂತು ಹೋಯಿತು.

ಆಗ ನಾನು ಇಲ್ಲೇ ಗುರುವಾರದ ಲೀಗ್ ಆಡುತ್ತಿದ್ದೆ. ನಮ್ಮ ಟೀಮಿನಲ್ಲಿ ಒಬ್ಬಳಿದ್ದಳು, ನಮಗೆಲ್ಲರಿಗಿಂತ ಚೆನ್ನಾಗಿ ಆಡುತ್ತಿದ್ದಳು. ಮುಂದಿನ ವರ್ಷ ಟೂರಿಗೆ ಹೋಗುತ್ತೇನೆ ಅಂತ ಕೆಲಸದ ಜೊತೆಗೆ ಇನ್ನೊಂದು ಕೆಲಸ ಮಾಡಿ ದುಡ್ಡು ಕೂಡಿಡುತ್ತಿದ್ದಳು. ಸುದ್ದಿ ಬಂದ ದಿನ ಆಟ ಮುಗಿದ ಮೇಲೂ ಅವಳು ಬೆಂಚಿನ ಮೇಲೆ ಕೂತು ಬಾಲ್ ಒರೆಸುತ್ತಿದ್ದಳು. ಬಾಲ್ ಉರುಳುವ ಲೇನಿಗೆ ಹಚ್ಚುವ ಎಣ್ಣೆಗೆ ಟವೆಲ್ ಕಪ್ಪಾಗಿತ್ತು. ಬಾಲ್ ಯಾವಾಗಲೋ ಸ್ವಚ್ಛವಾಗಿತ್ತು, ಆದರೂ ಒರೆಸುತ್ತಲೇ ಇದ್ದಳು. ಅವಳಿಗೆ ಏನು ಹೇಳಬೇಕು ಅಂತ ನಮಗೆ ಯಾರಿಗೂ ತೋಚಲಿಲ್ಲ. ಆ ಚಳಿಗಾಲದ ಹೊತ್ತಿಗೆ ಅವಳು ಲೀಗಿಗೆ ಬರುವುದನ್ನೂ ಬಿಟ್ಟಳು. ಆ ಕೊರಗು ನನಗೆ ಇನ್ನೂ ಹೋಗಿಲ್ಲ. ನಿನ್ನ ಸಾಲು ಓದಿದಾಗ ಮೊದಲು ಕಣ್ಣಿಗೆ ಬಂದಿದ್ದು ಅವಳೇ.

ಕೆಲ್ಲಿ ಕುಲಿಕ್ ಕಥೆ ನಿನಗೆ ಗೊತ್ತು. 2010ರ ಜನವರಿಯಲ್ಲಿ ಲಾಸ್ ವೇಗಸ್‌ನಲ್ಲಿ ಟೂರ್ನಮೆಂಟ್ ಆಫ್ ಚಾಂಪಿಯನ್ಸ್ ಗೆದ್ದಳು. ಫೈನಲ್‌ನಲ್ಲಿ ಕ್ರಿಸ್ ಬಾರ್ನ್ಸ್ ಮೇಲೆ 265ಕ್ಕೆ 195. ಗಂಡಸರ ಪ್ರೊ ಬೌಲಿಂಗ್ ಸಂಘ ಪಿಬಿಎ, ಅದರ ಟೂರಿನಲ್ಲಿ ಪ್ರಶಸ್ತಿ ಗೆದ್ದ ಮೊದಲ ಹೆಂಗಸು. ಎಲ್ಲರೂ ಆ ದಿನದ ಮಾತೇ ಆಡುತ್ತಾರೆ. ನನಗೆ ಮಾತ್ರ ಅದಕ್ಕೆ ಹಿಂದಿನ ವರ್ಷಗಳೇ ಜಾಸ್ತಿ ನೆನಪಾಗುತ್ತವೆ. 2001ರಲ್ಲಿ ಅವಳು ಹೆಂಗಸರ ಟೂರಿನ ಅತ್ಯುತ್ತಮ ಹೊಸ ಆಟಗಾರ್ತಿ. 2003ರಲ್ಲಿ ಯು.ಎಸ್. ವಿಮೆನ್ಸ್ ಓಪನ್ ಗೆದ್ದಳು. ಅದೇ ವರ್ಷ ಟೂರ್ ಇಲ್ಲವಾಯಿತು. ಇಪ್ಪತ್ತಾರರ ವಯಸ್ಸು, ಕೈ ಪೂರ್ತಿ ಪಳಗಿದ ಹೊತ್ತು, ಆಡಲು ಜಾಗವೇ ಇಲ್ಲ. ಅಪ್ಪನ ಕಾರ್ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡಿದಳು. ಆಟ ಬಿಡಲಿಲ್ಲ. 2004ರಲ್ಲಿ ಪಿಬಿಎ ಹೆಂಗಸರಿಗೂ ಬಾಗಿಲು ತೆರೆಯಿತು. 2006ರಲ್ಲಿ ಅವಳು ಟ್ರಯಲ್ಸ್ ಆಡಿ ಇಡೀ ಸೀಸನ್ ಆಡುವ ಹಕ್ಕು ಗಳಿಸಿದಳು.

ಇದನ್ನು ಧೈರ್ಯಕ್ಕೆ ಅಂತ ಹೇಳುತ್ತಿದ್ದೇನೆ, ಆದರೆ ಪೂರ್ತಿ ಧೈರ್ಯ ಇದರಲ್ಲಿಲ್ಲ. ಒಬ್ಬಳು ಗಂಡಸರ ಟೂರಿಗೆ ನುಗ್ಗಿ ಗೆದ್ದಳು ಅಂತ ಉಳಿದ ನೂರು ಜನಕ್ಕೆ ಆಡಲು ಜಾಗ ಸಿಗಲಿಲ್ಲ. ನೀನು ಕುಲಿಕ್ ಆಗಬೇಕು ಅಂತ ನಾನು ಹೇಳುವುದಿಲ್ಲ. ಅಷ್ಟು ಭಾರ ಒಂದು ಹುಡುಗಿಯ ಮೇಲೆ ಹಾಕುವುದು ಅನ್ಯಾಯ.

ಲಿಜ್ ಜಾನ್ಸನ್ ಬಗ್ಗೆ ಯೋಚಿಸು. 2005ರಲ್ಲಿ ಪಿಬಿಎ ಟೂರಿನ ಟಿವಿ ಫೈನಲ್ ತನಕ ಹೋದ ಮೊದಲ ಹೆಂಗಸು ಅವಳು. ಅಲ್ಲಿ ಸೋತಳು. 2015ರಲ್ಲಿ ಹೆಂಗಸರ ಟೂರ್ ಮತ್ತೆ ಶುರುವಾದಾಗ ಅವಳಿಗೆ ನಲವತ್ತೊಂದು. ಆ ವರ್ಷ, 2016ರಲ್ಲಿ, 2017ರಲ್ಲಿ, ಮೂರು ಸಲವೂ ವರ್ಷದ ಆಟಗಾರ್ತಿ ಅವಳೇ. ಹನ್ನೆರಡು ವರ್ಷ ಟೂರ್ ಇರಲಿಲ್ಲ ಪುಟ್ಟಿ, ಅವಳ ಆಟ ಇತ್ತು. ನಮ್ಮ ಗುರುವಾರದವಳಿಗೂ ಹೆಚ್ಚುಕಮ್ಮಿ ಅದೇ ವಯಸ್ಸು. 2015ರಲ್ಲಿ ಅವಳು ಬಾಲ್ ಹಿಡಿಯುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಲೀಗನ್ನಾದರೂ ಬಿಡಬೇಡ ಅಂತ ಆಗ ಯಾರಾದರೂ ಹೇಳಿದ್ದರೆ? ಗೊತ್ತಿಲ್ಲ. ಇದನ್ನು ಯೋಚಿಸುತ್ತಾ ಎಷ್ಟೋ ಸಂಜೆ ಸುಮ್ನೆ ಕೂತಿದ್ದೇನೆ.

ಟೂರ್ ಮತ್ತೆ ನಿಲ್ಲಬಹುದು. 2020ರಲ್ಲಿ ಕೋವಿಡ್ ಅಂತ ಒಂದು ಸೀಸನ್ ಪೂರ್ತಿ ಹೋಯಿತು, 2021ರಲ್ಲಿ ಮತ್ತೆ ಬಂತು. ಈಗ ಬೆನ್ನ ಹಿಂದೆ ಅಮೆರಿಕದ ಬೌಲಿಂಗ್ ಒಕ್ಕೂಟ ಯುಎಸ್‌ಬಿಸಿ ಇದೆ, ಅದು ಸಮಾಧಾನ. ಗ್ಯಾರಂಟಿ ಅಂತ ಮಾತ್ರ ನಾನು ಹೇಳಲಾರೆ.

ನಾನು ಪ್ರೊ ಆಡಿದವಳಲ್ಲ, ಉಪದೇಶ ಮಾಡುವಷ್ಟು ದೊಡ್ಡವಳೂ ಅಲ್ಲ. ಆದರೂ ಬರೆಯುತ್ತೇನೆ, ಬೇಡ ಅನ್ನಿಸಿದರೆ ಬಿಡು. ಡಿಗ್ರಿ ಮುಗಿಸಿಬಿಡು. ಕಾಲೇಜುಗಳಲ್ಲಿ ಹೆಣ್ಣುಮಕ್ಕಳ ಬೌಲಿಂಗಿಗೆ 2004ರಿಂದ ಕಾಲೇಜು ಕ್ರೀಡೆಗಳ ಸಂಸ್ಥೆ ಎನ್‌ಸಿಎಎಯ ಚಾಂಪಿಯನ್‌ಷಿಪ್ ಇದೆ, ಅಂದರೆ ಕೋಚ್‌ಗಳೂ ಬೇಕು. ಶಾನನ್ ಓಕೀಫ್ ಕಾಲೇಜ್ ಟೀಮಿಗೆ ಕೋಚ್ ಆಗಿದ್ದುಕೊಂಡೇ 2018, 2019ರಲ್ಲಿ ವರ್ಷದ ಆಟಗಾರ್ತಿ ಆದಳು. ಕೋಚ್ ಕೆಲಸ ಅಂದರೆ ಸೋತವರ ಕೆಲಸ ಅಂತ ನಿನ್ನ ಗೆಳತಿಯರು ಅಂದರೆ ಕಿವಿಗೆ ಹಾಕಿಕೊಳ್ಳಬೇಡ.

ಟೂರಿನಲ್ಲಿ ಸಂಬಳ ಅಂತ ಇಲ್ಲ, ಅದು ನಿನಗೂ ಗೊತ್ತು. ಎಂಟ್ರಿ ಫೀ, ಹೋಟೆಲ್, ದಾರಿಯ ಪೆಟ್ರೋಲ್ ಎಲ್ಲಾ ಕೈಯಿಂದಲೇ. ಆ ವಾರ ಪಿನ್ ಸರಿಯಾಗಿ ಬೀಳಲಿಲ್ಲ ಅಂದರೆ ಬರಿಗೈಯಲ್ಲಿ ವಾಪಸ್. ಒಂದು ವರ್ಷದ ಖರ್ಚು ಬೇರೆ ಇಟ್ಟುಕೊಂಡು ಹೊರಡು. ಸಾಲ ಮಾಡಬೇಡ.

ಆಮೇಲೆ ಹೆಬ್ಬೆರಳು. ವಿಡಿಯೋದಲ್ಲಿ ನೋಡಿದೆ, ಮೂರನೇ ಗೇಮಿಗೆ ಬೆರಳು ಊದಿಕೊಂಡರೂ ನೀನು ಬಾಲಿನಲ್ಲಿ ಹೆಬ್ಬೆರಳು ಹಾಕುವ ತೂತಿನೊಳಗಿನ ಟೇಪ್ ತೆಗೆದಿರಲಿಲ್ಲ. ಬಾಲ್ ಬಿಡುವಾಗ ಬೆರಳು ಹಿಡಿದುಕೊಳ್ಳುತ್ತಿತ್ತು, ಬಾಲ್ ಎಳೆದುಕೊಂಡು ಹೋಗುತ್ತಿತ್ತು. ಒಂದು ಪದರ ಕಿತ್ತರೆ ಸಾಕಿತ್ತು. ನಿನ್ನ ಕೋಚ್ ಹೇಳಿಯೇ ಇರುತ್ತಾರೆ, ಕ್ಷಮಿಸು. ಟೂರಿನ ಗತಿ ನಿನ್ನ ಕೈಯಲ್ಲಿಲ್ಲ, ನನ್ನ ಕೈಯಲ್ಲಂತೂ ಇಲ್ಲ. ಅದಕ್ಕೇ ಇಂಥ ಚಿಕ್ಕ ವಿಷಯಕ್ಕೆ ಜೋತುಬೀಳುತ್ತೇನೆ ಅನ್ನಿಸುತ್ತದೆ.

ನಿಮ್ಮಪ್ಪನ ಹತ್ತಿರ ಇದನ್ನೆಲ್ಲ ಇನ್ನೂ ಹೇಳಿಲ್ಲ ಅಲ್ವಾ? ನೀನು ಹೇಳಬೇಡ, ಭಾನುವಾರ ನಾನೇ ಮಾತಾಡುತ್ತೇನೆ. ಮೊದಲ ಸೀಸನ್ನಿನ ಎಂಟ್ರಿ ಫೀಯಲ್ಲಿ ಸ್ವಲ್ಪ ನಾನು ಕೊಡುತ್ತೇನೆ. ಬೇಡ ಅನ್ನಬೇಡ. ಡಿಗ್ರಿಗೆ ಇನ್ನೆಷ್ಟು ಕೋರ್ಸ್ ಬಾಕಿ ಇದೆ ಅಂತ ಬರೆ.

ನಿನ್ನ
ದೊಡ್ಡಮ್ಮ