ಉದ್ದ ಪದವನ್ನು ಬಾಲದಿಂದ ಹಿಡಿ

ಚಿ. ಸೌಮ್ಯಳಿಗೆ ಅತ್ತೆಯ ಆಶೀರ್ವಾದ.

ಫ್ರೆಂಚ್ ಪದ ಸ್ವಲ್ಪ ಉದ್ದವಾದರೆ ನಾಲಿಗೆ ತೊಡರುತ್ತದೆ ಅಂತ ಬರೆದಿದ್ದೆಯಲ್ಲ, ನೀನು ಅದನ್ನು ಇಂಗ್ಲಿಷ್ ಅಂದುಕೊಂಡು ಓದುತ್ತಿದ್ದೀಯ, ಅಷ್ಟೇ. ನಮ್ಮ ಕಾಗುಣಿತ ನೆನಪಿಸಿಕೋ. ವ್ಯಂಜನ ಮುಂದಿನ ಸ್ವರದ ಜೊತೆ ಸೇರುತ್ತದೆ, ಅಲ್ವಾ? ಅಲ್ಲೂ ಬಹುತೇಕ ಹಾಗೇ. ಯೂನಿವರ್ಸಿಟಿ ಅವರ ಬಾಯಲ್ಲಿ ಯು-ನಿ-ವೆರ್-ಸಿ-ತೇ. ಎಲ್ಲ ತುಂಡಿಗೂ ಸಮ ತೂಕ, ಕೊನೆಯದನ್ನು ಮಾತ್ರ ಸ್ವಲ್ಪ ಎಳೆಯಬೇಕು. ಇಂಗ್ಲಿಷಿನ ಹಾಗೆ ನಡುವಿನ 'ವೆರ್' ಅನ್ನು ಗುದ್ದಬೇಡ.

ಕನ್ನಡದವರು ಬೀಳುವ ಗುಂಡಿ ಬೇರೆ ಇದೆ, ಅದು ಒತ್ತಕ್ಷರ. ನಮಗೆ 'ಹಳಿ' ಬೇರೆ, 'ಹಳ್ಳಿ' ಬೇರೆ, ಹಾಗಾಗಿ ಫ್ರೆಂಚ್ ಅಪಾರ್ಟ್‌ಮೆಂಟಿನ (appartement) ಸ್ಪೆಲಿಂಗಿನಲ್ಲಿ ಎರಡು ಪಿ ಕಂಡ ಕೂಡಲೇ ಅದನ್ನು 'ಅಪ್ಪಾರ್' ಅಂತ ಒತ್ತಿಬಿಡುತ್ತೇವೆ. ಸಾಲಿನ ಕೊನೆಯಲ್ಲಿ ಪದ ಮುರಿಯುವಾಗ ಆ ಎರಡು ಪಿಗಳ ನಡುವೆ ಗೆರೆ ಬರುತ್ತದೆ, ನಿಜ. ಆದರೆ ಹೇಳುವಾಗ ಒಂದೇ ಪ: ಅ-ಪಾರ್-ತ-ಮಾಂ. ಕಾಗದದ ಮೇಲಿನ ತುಂಡು, ಬಾಯಿಯ ತುಂಡು ಎರಡೂ ಒಂದೇ ಅಂತ ನಂಬಬೇಡ. ಎನ್ವಿರಾನ್‌ಮೆಂಟ್ ಅವರ ಸ್ಪೆಲಿಂಗಿನಲ್ಲಿ (environnement) ಐದು ತುಂಡು, ಮಾತಿನಲ್ಲಿ ನಾಲ್ಕೇ: ಆಂ-ವಿ-ರೊನ್-ಮಾಂ. ನಡುವಿನ ಇ ನುಂಗಿ ಹೋಯಿತು. ಮೊದಲ ತುಂಡು ಮೂಗಿನಲ್ಲಿ ಬರುತ್ತದೆ, ನಾಲಿಗೆ ಹಲ್ಲಿಗೆ ತಾಗಬಾರದು. 'ರೊನ್'ನಲ್ಲಿ ಮಾತ್ರ ತಾಗಲೇಬೇಕು, ಯಾಕೆಂದರೆ ಸ್ಪೆಲಿಂಗಿನಲ್ಲಿ ಅಲ್ಲಿ ಎರಡು ಎನ್ ಇದ್ದು ಮುಂದೆ ಸ್ವರವಿದೆ.

ಇನ್ನು ಎಲ್ಲರೂ ಹೆದರಿಸುವ 25 ಅಕ್ಷರದ ಪದ (anticonstitutionnellement), 'ಸಂವಿಧಾನಕ್ಕೆ ವಿರುದ್ಧವಾಗಿ' ಅಂತ ಅರ್ಥ. ಅದನ್ನು ಮುಂದಿನಿಂದ ಓದಲು ಹೋದರೆ ಅರ್ಧಕ್ಕೇ ಉಸಿರು ಸಾಲದೆ ನಿಲ್ಲುತ್ತೀಯ. ಬಾಲದಿಂದ ಶುರು ಮಾಡು. ಮಾಂ. ನೆಲ್-ಮಾಂ. ಸ್ಯೊ-ನೆಲ್-ಮಾಂ. ಹೀಗೇ ಒಂದೊಂದೇ ಮುಂದೆ ಜೋಡಿಸುತ್ತಾ ಹೋಗು: ಆಂ-ತಿ-ಕೋಂಸ್-ತಿ-ತ್ಯು-ಸ್ಯೊ-ನೆಲ್-ಮಾಂ. ಎಂಟೇ ತುಂಡು! ಹೀಗೆ ಮಾಡಿದರೆ ಪದ ಮುಗಿಯುವ ಕಡೆಗೆ ಧೈರ್ಯ ಜಾಸ್ತಿಯಾಗುತ್ತದೆ, ಎಳೆಯಬೇಕಾದ ಕೊನೆಯ ತುಂಡೂ ಚೆನ್ನಾಗಿ ಪಳಗಿರುತ್ತದೆ. ನಮ್ಮ ಲಿಪಿಯಲ್ಲಿ ಬರೆದುಕೊಂಡದ್ದು ಬರೀ ಊರುಗೋಲು, ಅವರ ಗಂಟಲಿನ ರ, ತುಟಿ ಮುಂದೆ ಚಾಚಿ ಹೇಳುವ ಯು ಇದರಲ್ಲಿ ಸಿಗುವುದಿಲ್ಲ. ಅದಕ್ಕೆ ಕೇಳಲೇಬೇಕು, ಸುಮ್ನೆ ಪುಸ್ತಕ ನೋಡಿದರೆ ಆಗುವುದಿಲ್ಲ.

ಒಂದು ಎಚ್ಚರ. 'ಮಾಂ' (ಸ್ಪೆಲಿಂಗಿನಲ್ಲಿ ಎಂ-ಇ-ಎನ್-ಟಿ) ಕಲಿತ ಹುಮ್ಮಸ್ಸಿನಲ್ಲಿ ಬಹುವಚನದ ಕ್ರಿಯಾಪದದ ಕೊನೆಯ ಇ-ಎನ್-ಟಿಯನ್ನೂ ಹಾಗೇ ಓದಬೇಡ. 'ಅವರು ಮಾತಾಡುತ್ತಾರೆ' ಅನ್ನುವುದು ಇಲ್ ಪಾರ್ಲ್, ಅಷ್ಟೇ, ಆ ಮೂರು ಅಕ್ಷರಕ್ಕೂ ಸದ್ದಿಲ್ಲ. ಈ ವಾರ ಎರಡು ಪದ ರೆಕಾರ್ಡ್ ಮಾಡಿ ಕಳಿಸು, ಕೇಳಿ ಹೇಳುತ್ತೇನೆ.

ನಿನ್ನ ಅತ್ತೆ