ನೀನು ಕೇಳಿದ ಸಿನಿಮಾ ಸಿಗಲ್ಲ ಮಾರಾಯ

ಪ್ರೀತಿಯ ಗೆಳೆಯಾ,

ಮಲಯಾಳಂ ಸಿನಿಮಾದ ಮೊದಲ ನಾಯಕಿ ಪಿ.ಕೆ. ರೋಸಿ ನಟಿಸಿದ ಸಿನಿಮಾದ ಲಿಂಕ್ ಇದ್ರೆ ಕಳಿಸು ಅಂತ ಮೆಸೇಜ್ ಹಾಕಿದ್ದೆಯಲ್ಲ. ಲಿಂಕ್ ಇಲ್ಲ ಮಾರಾಯ, ಸಿನಿಮಾವೇ ಇಲ್ಲ. ಅದರ ಹೆಸರು ‘ವಿಗತಕುಮಾರನ್’, ಮಲಯಾಳಂನ ಮೊದಲ ಸಿನಿಮಾ, ಮೂಕಿ. ಹಾಗಂದರೆ ಕಳೆದುಹೋದ ಹುಡುಗ. ಹೆಸರಿಟ್ಟ ಗಳಿಗೆ ಎಂಥದೋ, ಸಿನಿಮಾವೂ ಕಳೆದುಹೋಯಿತು.

ಮಾಡಿದವರು ಜೆ.ಸಿ. ಡೇನಿಯಲ್. ಕನ್ಯಾಕುಮಾರಿ ಹತ್ತಿರದ ಅಗಸ್ತೀಶ್ವರದವರು. ಕೇರಳದ ಸಮರಕಲೆ ಕಳರಿಪಯಟ್ಟಿನ ಹುಚ್ಚು ಇತ್ತು. ಅದನ್ನು ಜನಕ್ಕೆ ತೋರಿಸೋಕೆ ಸಿನಿಮಾವೇ ಸರಿ ಅಂತ ಮದ್ರಾಸಿಗೆ ಹೋದರೆ ಸ್ಟುಡಿಯೋ ಒಳಗೇ ಬಿಡಲಿಲ್ಲ. ಬೊಂಬಾಯಿಗೆ ಹೋಗಿ, ನಾನು ಮೇಷ್ಟ್ರು, ಮಕ್ಕಳಿಗೆ ಸಿನಿಮಾ ಬಗ್ಗೆ ಪಾಠ ಮಾಡಬೇಕು ಅಂತ ಸುಳ್ಳು ಹೇಳಿ ಒಳಗೆ ನುಗ್ಗಿದರಂತೆ! ಆಮೇಲೆ ಆಸ್ತಿ ಮಾರಿ ತಿರುವನಂತಪುರದ ಪಟ್ಟಂನಲ್ಲಿ ಸ್ಟುಡಿಯೋ ಕಟ್ಟಿದರು. ಕಥೆ, ಕ್ಯಾಮೆರಾ, ಡೈರೆಕ್ಷನ್, ಹೀರೋ ಎಲ್ಲ ಅವರೇ.

ಕಥೆ ಪಕ್ಕಾ ಕಣ್ಣೀರಿನದು. ಸಾಹುಕಾರರ ಮಗುವನ್ನು ಭೂತನಾಥನ್ ಅನ್ನೋ ವಿಲನ್ ಸಿಲೋನಿಗೆ ಕದ್ದೊಯ್ಯುತ್ತಾನೆ. ಹುಡುಗ ಅಲ್ಲಿನ ಎಸ್ಟೇಟಿನಲ್ಲಿ ಕೂಲಿ ಮಾಡಿ ಬೆಳೆಯುತ್ತಾನೆ. ಕೊನೆಗೆ ಬೆನ್ನಿನ ಮೇಲಿನ ಕಲೆ ನೋಡಿ ಗುರುತು ಹಿಡಿಯುತ್ತಾರೆ. ಬೆನ್ನಿನ ಕಲೆ! ನಮ್ಮ ಕಾಲದವರೆಗೂ ಆ ಕಲೆ ಎಷ್ಟು ಅಣ್ಣತಮ್ಮಂದಿರನ್ನು ಒಂದು ಮಾಡಿಲ್ಲ ಹೇಳು. ಕಳೆದುಹೋಗುವ ಮಗುವಿನ ಪಾತ್ರ ಡೇನಿಯಲ್ ಅವರ ಮಗ ಸುಂದರ್‌ದು.

ನಾಯಕಿ ಸರೋಜಿನಿ ಮೇಲ್ಜಾತಿಯ ನಾಯರ್ ಮನೆತನದ ಹೆಣ್ಣು. ಆ ಪಾತ್ರ ಮಾಡಿದ ರೋಸಿ ಪುಲಯ ಅನ್ನೋ ದಲಿತ ಸಮುದಾಯದವರು. ಹುಲ್ಲು ಕೊಯ್ಯುವ ಕೆಲಸ, ಜೊತೆಗೆ ಕಾಕ್ಕಾರಿಶಿ ಅನ್ನೋ ಜಾನಪದ ನಾಟಕದಲ್ಲಿ ಪಾರ್ಟು. ಶೂಟಿಂಗಿಗೆ ಮಧ್ಯಾಹ್ನದ ಊಟ ಮನೆಯಿಂದಲೇ ಕಟ್ಟಿಕೊಂಡು ಬರುತ್ತಿದ್ದರಂತೆ. ಒಂದು ಸೀನಿನಲ್ಲಿ ಆಕೆ ಮುಡಿದ ಹೂವಿಗೆ ಹೀರೋ ಮುತ್ತಿಡುತ್ತಾನೆ. ಅಷ್ಟೇ. ಹೂವಿಗೆ! ಕ್ಯಾಪಿಟಲ್ ಥಿಯೇಟರಿನಲ್ಲಿ ಜನ ಎದ್ದು ಪರದೆಗೆ ಕಲ್ಲು ತೂರಿದರು. ಮೊದಲ ಷೋಗೆ ಆಕೆಯನ್ನು ಒಳಗೆ ಕೂರಿಸಿಕೊಂಡೂ ಇರಲಿಲ್ಲ. ಆಮೇಲೆ ಗುಡಿಸಲಿಗೂ ಬೆಂಕಿ ಬಿತ್ತು. ರೋಸಿ ಊರು ಬಿಟ್ಟು, ಲಾರಿ ಡ್ರೈವರ್ ಒಬ್ಬರನ್ನು ಮದುವೆಯಾಗಿ, ತಮಿಳುನಾಡಿನಲ್ಲಿ ರಾಜಮ್ಮಾಳ್ ಆಗಿ ಬದುಕಿದರು. ಸಿನಿಮಾದ ಹೆಸರನ್ನೇ ಎತ್ತಲಿಲ್ಲ. 2023ರ ಫೆಬ್ರವರಿಯಲ್ಲಿ ಗೂಗಲ್ ಡೂಡಲ್ ಬಂತಲ್ಲ, ಆಗ ನಾವೆಲ್ಲ ಸ್ಟೇಟಸ್ ಹಾಕಿದೆವು. ನನಗಂತೂ ಸ್ವಲ್ಪ ನಾಚಿಕೆಯೇ ಆಯಿತು.

ರೀಲ್ ಏನಾಯಿತು ಅಂತೀಯಾ? ಡೇನಿಯಲ್ ಅವರ ಇನ್ನೊಬ್ಬ ಮಗ ಚಿಕ್ಕವನಿದ್ದಾಗ ಆಟಕ್ಕೆ ಅಂತ ಸುಟ್ಟುಬಿಟ್ಟನಂತೆ. ದೊಡ್ಡವರಾದ ಮೇಲೆ ಅವರೇ ಹೇಳಿಕೊಂಡಿದ್ದು. ಆಗಿನ ಫಿಲಂ ನೈಟ್ರೇಟಿನದು. ಒಮ್ಮೆ ಹತ್ತಿಕೊಂಡರೆ ನೀರಲ್ಲಿ ಮುಳುಗಿಸಿದರೂ ಆರಲ್ಲ. ಒಬ್ಬ ಮಗ ಪರದೆ ಮೇಲೆ ಕಳೆದುಹೋದ, ಇನ್ನೊಬ್ಬ ಪರದೆಯನ್ನೇ ಕಳೆದ. ಹೀಗಾಗಿ ಇವತ್ತು ಸಿನಿಮಾ ಬಂದ ವರ್ಷಕ್ಕೂ ಜಗಳ. ಕೆಲವರು 1928 ಅಂತಾರೆ, ಕೆಲವರು 1930.

ಡೇನಿಯಲ್ ಸಾಲ ತೀರಿಸೋಕೆ ಸ್ಟುಡಿಯೋ ಮಾರಿದರು, ಹಲ್ಲಿನ ಡಾಕ್ಟರಾದರು, 1975ರಲ್ಲಿ ಬಡತನದಲ್ಲೇ ತೀರಿಕೊಂಡರು. ಈಗ ಕೇರಳದ ದೊಡ್ಡ ಸಿನಿಮಾ ಪ್ರಶಸ್ತಿ ಅವರ ಹೆಸರಲ್ಲಿದೆ.

ಮಜಾ ಕೇಳು. ಅವರ ಸಂಬಂಧಿ ಸುಂದರ್ ರಾಜ್ ಮಾಡಿದ ‘ಮಾರ್ತಾಂಡವರ್ಮ’, 1933ರ ಮೂಕಿ, ಇನ್ನೂ ಇದೆ. ಅದಕ್ಕೆ ಆಧಾರವಾದ ಅದೇ ಹೆಸರಿನ ಕಾದಂಬರಿಯ ಹಕ್ಕಿನ ಬಗ್ಗೆ ಪ್ರಕಾಶಕರು ಕೇಸು ಹಾಕಿದರು, ಪ್ರದರ್ಶನ ನಿಂತಿತು, ಪ್ರಿಂಟ್ ಆ ಪ್ರಕಾಶಕರ ಹತ್ತಿರವೇ ಬಿದ್ದಿತ್ತು. 1974ರಲ್ಲಿ ಪುಣೆಯ ಫಿಲ್ಮ್ ಆರ್ಕೈವ್ ಸೇರಿತು. ಕೋರ್ಟು ಕಚೇರಿಯಿಂದ ಉಳಿದ ಸಿನಿಮಾ ನೋಡು!

ನೀನು ಹೇಗೂ ಪುಣೆಯಲ್ಲೇ ಇದ್ದೀಯ. ಒಂದು ದಿನ ಆರ್ಕೈವ್ ಇರೋ ಲಾ ಕಾಲೇಜ್ ರೋಡಿಗೆ ಹೋಗಿ, ಅದನ್ನಾದರೂ ತೋರಿಸ್ತಾರಾ ಅಂತ ಸುಮ್ನೆ ವಿಚಾರಿಸು. ತೋರಿಸ್ತೀವಿ ಅಂದರೆ ಹೇಳು, ರಜೆ ಹಾಕಿ ಬರ್ತೀನಿ.

ಇಂತಿ ನಿನ್ನ
ಗೆಳೆಯ