ಸೂರಿನ ನೀರಿಗೆ ಹೋದ ಬೂದು

ಪುಟ್ಟಿ,

ಬರೋಡಾ ತಲುಪಿದೆ ಅಂತ ಅಮ್ಮನಿಗೆ ಫೋನ್ ಮಾಡಿದೆಯಂತೆ. ಹೊರಡುವ ಹಿಂದಿನ ರಾತ್ರಿ ಆಡಿದ ಮಾತು ಇಲ್ಲಿ ಮತ್ತೆ ಬೇಡ. ನಿನ್ನ ಚಿತ್ರವನ್ನು ‘ಬರೀ ಮಂಕು’ ಅಂದೆನಲ್ಲ, ಅದು ಮಾತ್ರ ನನ್ನ ತಪ್ಪು.

ಅದಕ್ಕಿಂತ ಹಳೆಯದೂ ಒಂದಿದೆ. ನಿನಗಾಗ ಒಂಬತ್ತು ವರ್ಷ. ಸಾಗರದಲ್ಲಿ ನಾಲ್ಕು ದಿನದಿಂದ ಒಂದೇ ಸಮ ಮಳೆ. ನೀನು ಜಗಲಿಯಲ್ಲಿ ಕೂತು, ಪ್ಯಾಲೆಟ್‌ನಲ್ಲಿ ಉಳಿದ ಬಣ್ಣವನ್ನೆಲ್ಲ ಕಲಸಿ ಆಕಾಶ ಬಳಿಯುತ್ತಿದ್ದೆ. ‘ಎಲ್ಲಾ ಗಲೀಜು ಮಾಡಿಟ್ಟೆಯಲ್ಲೇ’ ಅಂತ ಕಿತ್ತುಕೊಂಡು ಸೂರಿನ ನೀರಿಗೆ ಹಿಡಿದೆ. ಬಣ್ಣ ಅಂಗಳಕ್ಕೆ ಹರಿಯಿತು. ನೀನು ಅಳಲಿಲ್ಲ, ಸುಮ್ನೆ ನೋಡುತ್ತಾ ನಿಂತೆ. ಅತ್ತಿದ್ದರೆ ನಾನು ಮರೆಯುತ್ತಿದ್ದೆನೇನೋ. ಆ ಬೂದು ಬಣ್ಣದೊಳಗೆ ಚೂರು ನೇರಳೆ ಇತ್ತು, ಅಂಚಿಗೆ ಹಸಿರು. ಹೊರಗಿನ ಮೋಡವೂ ಹಾಗೇ ಇತ್ತು. ಡ್ರಾಯಿಂಗ್ ಮೇಷ್ಟ್ರಾದ ನನಗೆ ಕಾಣದ್ದು ನಿನಗೆ ಕಂಡಿತ್ತು. ಹರಿದುಹೋದ ಆ ಬಣ್ಣ ಈಗಲೂ ಕಣ್ಣಿಗೆ ಬರುತ್ತದೆ.

ಕಪ್ಪಿಗೆ ಬಿಳಿ ಬೆರೆಸಿದರೆ ಬೂದು ಅಂತ ಎಷ್ಟೋ ಮಕ್ಕಳಿಗೆ ಹೇಳಿಕೊಟ್ಟೆ. ಅದರಲ್ಲಿ ಜೀವ ಇರುವುದಿಲ್ಲ. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಕಂದು ಬೆರೆಸು. ನೀಲಿ ಜಾಸ್ತಿಯಾದರೆ ಮಳೆಮೋಡ, ಕಂದು ಜಾಸ್ತಿಯಾದರೆ ಒದ್ದೆ ಕಲ್ಲು. ಅದೇ ಬೂದು ಕಿತ್ತಳೆ ಪಕ್ಕ ನೀಲಿಯಾಗಿ ಕಾಣುತ್ತದೆ, ಕೆಂಪಿನ ಪಕ್ಕ ಹಸಿರಾಗಿ. ಪ್ಯಾರಿಸ್ಸಿನ ಗೋಬ್ಲಾಂ ನೇಯ್ಗೆ ಕಾರ್ಖಾನೆಯಲ್ಲಿ ಕಪ್ಪು ನೂಲು ಸಪ್ಪೆ ಅಂತ ದೂರು ಬಂದಿತ್ತು. ಬಣ್ಣದ ಉಸ್ತುವಾರಿಯಲ್ಲಿದ್ದ ಶೆವ್ರಲ್ ಹುಡುಕಿದರೆ ನೂಲಿನಲ್ಲಿ ದೋಷವೇ ಇರಲಿಲ್ಲ, ಪಕ್ಕದ ಬಣ್ಣಗಳಿಂದ ಹಾಗೆ ಕಾಣುತ್ತಿತ್ತು. 1839ರಲ್ಲಿ ಅದರ ಮೇಲೆ ದೊಡ್ಡ ಪುಸ್ತಕವನ್ನೇ ಬರೆದರು. ನಿನ್ನ ಚಿತ್ರವನ್ನು ನಾನು ನೋಡಿದ್ದು ಗೋಡೆಯ ಕ್ಯಾಲೆಂಡರಿನ ಪಕ್ಕ ಇಟ್ಟು.

ನೋಡು, ಮತ್ತೆ ಪಾಠ ಶುರುಮಾಡಿದೆ. ಇನ್ನೊಂದೇ ಮಾತು. ಸಂಜೆ ಪ್ಯಾಲೆಟ್‌ನಲ್ಲಿ ಉಳಿದದ್ದನ್ನು ಎಸೆಯಬೇಡ. ಕೆರೆದು ಡಬ್ಬಿಗೆ ಹಾಕಿಡು. ಎಣ್ಣೆಬಣ್ಣದವರು ಹಾಗೇ ಮಾಡುತ್ತಾರೆ, ಒಳ್ಳೆ ಬೂದು ಅಲ್ಲೇ ಸಿಗುತ್ತದೆ.

ಸೀಟು ಸಿಕ್ಕ ದಿನ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಹೇಳಿದೆ. ನಿನಗೊಬ್ಬಳಿಗೆ ಏನೂ ಹೇಳಲಿಲ್ಲ. ಬಹಳ ಖುಷಿಯಾಗಿತ್ತು ಪುಟ್ಟಿ.

ಕೆಲಸದ ಗುಂಗಿನಲ್ಲಿ ಊಟ ಬಿಡಬೇಡ. ಟರ್ಪೆಂಟೈನ್ ಬಳಸುವಾಗ ಕಿಟಕಿ ತೆಗೆದಿಡು. ಚೀಲದ ತಳದಲ್ಲಿ ಟವೆಲ್ ಸುತ್ತಿ ಎರಡು ಟ್ಯೂಬ್ ಇಟ್ಟಿದ್ದೇನೆ. ಯಾವ ಬಣ್ಣ ಅಂತ ನಿನಗೆ ಗೊತ್ತಾಗಿರುತ್ತದೆ.

ಭಾನುವಾರ ಅಮ್ಮನಿಗೆ ಫೋನ್ ಮಾಡುತ್ತೀಯಲ್ವಾ? ನಾನೂ ಪಕ್ಕದಲ್ಲೇ ಕೂತಿರುತ್ತೇನೆ.

ಅಪ್ಪ